ಪದ್ಮಶ್ರೀ ನಾಮನಿರ್ದೇಶನ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಕಳೆದ ಸಭೆಯ ತೀರ್ಮಾನದಂತೆ, ನಮ್ಮ ತಾಲ್ಲೂಕಿನ ಹಿರಿಯ ತೊಗಲುಗೊಂಬೆ ಕಲಾವಿದರ ಹೆಸರನ್ನು ಪದ್ಮಶ್ರೀ ಪ್ರಶಸ್ತಿಗೆ ಸೂಚಿಸುವ ಅರ್ಜಿಯನ್ನು ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್ ಮೂಲಕ ಸಲ್ಲಿಸಬೇಕಾಗಿದ್ದು, ಅದರ ಸಿದ್ಧತೆ ಜೂನ್ 30ರೊಳಗೆ ಮುಗಿಯಬೇಕು. ಸಾಮಾನ್ಯ ನಾಗರಿಕರೂ ಹೆಸರು ಸೂಚಿಸಬಹುದಾದ್ದರಿಂದ, ಶಿಫಾರಸಿಗಾಗಿ ಶಾಸಕರ ಮನೆಗೆ ಹೋಗುವ ಉತ್ಸಾಹವನ್ನು ದಯವಿಟ್ಟು ಬದಿಗಿಡಿ.

ಅರ್ಜಿಯ ಜೀವಾಳವೆಂದರೆ ಗರಿಷ್ಠ 800 ಪದಗಳ ಸಾಧನಾ ವಿವರ. ಅದನ್ನು ‘ಅಪ್ರತಿಮ’, ‘ಕಲಾತಪಸ್ವಿ’ ಎಂಬ ವಿಶೇಷಣಗಳಿಂದ ತುಂಬಿದರೆ ಪ್ರಯೋಜನವಿಲ್ಲ. ಅವರು ರಾಮಾಯಣ, ಮಹಾಭಾರತದ ಯಾವ ಪ್ರಸಂಗಗಳನ್ನು ಎಲ್ಲೆಲ್ಲಿ ಆಡಿಸಿದರು, ಚರ್ಮ ಹದಮಾಡಿ, ರಂಧ್ರ ಕೊರೆದು, ಬಣ್ಣ ತುಂಬುವ ಕೆಲಸವನ್ನು ಯಾರಿಗೆಲ್ಲ ಕಲಿಸಿದರು ಎಂಬುದು ಅದರಲ್ಲಿರಬೇಕು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಇದೇ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಸಂದಿರುವುದು ನಮ್ಮ ಪಾಲಿಗೆ ಭರವಸೆಯ ಸಂಗತಿ. ಈ ಪ್ರಶಸ್ತಿಯನ್ನು ಸಾಮಾನ್ಯವಾಗಿ ಮರಣೋತ್ತರವಾಗಿ ನೀಡುವುದಿಲ್ಲವಾದ್ದರಿಂದ, ಮುಂದಿನ ವರ್ಷ ನೋಡೋಣ ಎನ್ನುವುದು ಸರಿಯಲ್ಲ.

ಹಳೆಯ ಕರಪತ್ರ, ಪತ್ರಿಕಾ ತುಣುಕು, ಪ್ರಮಾಣಪತ್ರಗಳಿದ್ದವರು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ, ವರ್ಷ ಮತ್ತು ಊರಿನ ಹೆಸರು ಬರೆದು ಕಾರ್ಯದರ್ಶಿಯವರಿಗೆ ನೇರವಾಗಿ ಕಳುಹಿಸಿ. ಗುಂಪಿನಲ್ಲಿ ಹಾಕಿದರೆ ಶುಭೋದಯದ ಚಿತ್ರಗಳ ನಡುವೆ ಕಳೆದುಹೋಗುತ್ತವೆ. ವಿವರದ ಕರಡನ್ನು ಮೊದಲು ಕಲಾವಿದರಿಗೇ ಓದಿ ಹೇಳಿ, ಅವರ ಒಪ್ಪಿಗೆ ಪಡೆದ ಬಳಿಕವೇ ಸಲ್ಲಿಸಲಾಗುವುದು. ಪಟ್ಟಿ ಪ್ರಕಟವಾಗುವುದು ಗಣರಾಜ್ಯೋತ್ಸವದ ಮುನ್ನಾದಿನ; ಅಲ್ಲಿಯವರೆಗೆ ಅವರ ಮನೆಯವರಿಗೆ ಯಾರೂ ಅಭಿನಂದನೆ ಹೇಳಬಾರದೆಂದು ವಿನಂತಿ.

ಕರಡು ಬರೆಯಲು ಅಥವಾ ಟೈಪ್ ಮಾಡಲು ನೆರವಾಗಬಲ್ಲವರು ಈ ಶನಿವಾರ ಸಂಜೆಯೊಳಗೆ ಇಲ್ಲಿಯೇ ಹೆಸರು ತಿಳಿಸಿ.