ಕೊಡಚಾದ್ರಿಯಲ್ಲಿ ಹತ್ತುವ ದಾರಿ ಬೇರೆ, ಇಳಿಯುವ ದಾರಿ ಬೇರೆ ಇರಲಿ

ಸಂಪಾದಕರಿಗೆ ನಮಸ್ಕಾರ.

ಮಳೆ ನಿಂತು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ನಮ್ಮ ಹೊಸನಗರದ ಕಡೆ ಬೆಟ್ಟ ಹತ್ತುವವರ ಗಾಡಿಗಳು ಶುರು. ಕಳೆದ ನವೆಂಬರಿನ ಒಂದು ಭಾನುವಾರ ನಾನೂ ಅಕ್ಕನ ಮಗ ಮತ್ತು ಅವನ ಇಬ್ಬರು ಬೆಂಗಳೂರಿನ ಗೆಳೆಯರ ಜೊತೆ ಕೊಡಚಾದ್ರಿಗೆ ಹೊರಟೆ. ಹಿಡ್ಲುಮನೆ ಅಬ್ಬಿಯ (ಜಲಪಾತದ) ಕಡೆಯಿಂದ ಹತ್ತಿ, ಜೀಪ್ ರಸ್ತೆಯಲ್ಲಿ ಇಳಿದು ಬರುವ ಸುತ್ತು. ಐವತ್ತೇಳು ದಾಟಿದ ನನ್ನ ಮಂಡಿಗೂ ಆಗುವಂಥದ್ದು. ಬೆಳಿಗ್ಗೆ ಬೇಗ ಹೊರಟರೆ ಬೆಳಕಿರುವಾಗಲೇ ಕೆಳಗೆ ಬಂದು ಚಹಾ ಕುಡಿಯಬಹುದು.

ಅಬ್ಬಿಯ ಪಕ್ಕದ ಒದ್ದೆ ಕಲ್ಲುಗಳನ್ನು ಹಿಡಿದು ಹತ್ತಿ ಮುಗಿಯುವಷ್ಟರಲ್ಲಿ ಪ್ಯಾಂಟು ಮಂಡಿವರೆಗೆ ನೆನೆದಿತ್ತು. ಆಮೇಲೆ ಕಾಡು ಥಟ್ಟನೆ ಮುಗಿಯುತ್ತದೆ. ಮುಂದೆ ಬರೀ ಹುಲ್ಲುಗುಡ್ಡ, ಗುಡ್ಡದ ಸಂದುಗಳಲ್ಲಿ ಕಪ್ಪಗೆ ಕೂತ ಶೋಲಾ ಕಾಡು, ದೂರದಲ್ಲಿ ಲಿಂಗನಮಕ್ಕಿಯ ಹಿನ್ನೀರು. ತುದಿ ಇರುವುದು 1,343 ಮೀಟರ್ ಎತ್ತರದಲ್ಲಿ. ಸರ್ವಜ್ಞ ಪೀಠದ ಕಲ್ಲುಮಂಟಪದ ಪಕ್ಕ ನಿಂತಾಗ ಮಂಜು ಹತ್ತು ನಿಮಿಷ ಸರಿದು, ಕೊಲ್ಲೂರು ಕಡೆಯ ಕಣಿವೆ ಪೂರ್ತಿ ಕಂಡಿತು. ಮತ್ತೆ ಮುಚ್ಚಿತು. ಹುಡುಗರು ಅಷ್ಟಕ್ಕೇ ಖುಷಿ.

ನಾನು ಬರೆಯಲು ಕೂತಿದ್ದು ಇದಕ್ಕಲ್ಲ. ಅಬ್ಬಿಯ ಮೇಲಿನ ಕಿರುದಾರಿಯಲ್ಲಿ ನಾವು ಹತ್ತುತ್ತಿದ್ದರೆ, ಅದೇ ದಾರಿಯಲ್ಲಿ ಇಳಿಯುವವರು ಎದುರಾದರು, ಗುಂಪು ಗುಂಪಾಗಿ. ಒದ್ದೆ ಕಲ್ಲನ್ನು ಹತ್ತಬಹುದು, ಇಳಿಯುವುದು ಕಷ್ಟ. ಒಬ್ಬ ಹುಡುಗಿ ಕೂತುಕೊಂಡೇ ಜಾರುತ್ತಾ ಬಂದಳು, ಪಾಪ. ಅವರಿಗೆ ದಾರಿ ಬಿಡಲು ನಾವು ಹುಲ್ಲಿನ ಮೇಲೆ ಕಾಲಿಟ್ಟೆವು. ಎಲ್ಲರೂ ಹೀಗೆ ಪಕ್ಕಕ್ಕೆ ಸರಿದು ಸರಿದು, ಒಂದಡಿ ಅಗಲದ ಕಾಲುದಾರಿ ಮೇಲೆ ಹುಲ್ಲಿನಲ್ಲಿ ಐದು ಎಳೆಯಾಗಿದೆ. ಒಂದು ಎಳೆ ಆಗಲೇ ಕೊರಕಲು. ಕೈಲಿದ್ದ ಕೋಲು ಇಳಿಸಿ ನೋಡಿದೆ, ಮೊಣಕಾಲುದ್ದ ಆಳ. ಪಕ್ಕದ ಕೆಂಪು ಮಣ್ಣಿನಿಂದ ಹುಲ್ಲಿನ ಬೇರುಗಳು ಗಡ್ಡದ ಹಾಗೆ ನೇತಾಡುತ್ತಿದ್ದವು.

ಸುಮ್ನೆ ನಾಲ್ಕು ಎಳೆ ಹುಲ್ಲು ಹೋಯಿತು ಅಂತ ಹೇಳುತ್ತಿಲ್ಲ. ಮಳೆಗಾಲದ ನೀರನ್ನು ಹಿಡಿದಿಟ್ಟು, ಬೇಸಿಗೆಯವರೆಗೂ ಒರತೆಗಳಿಗೆ ನಿಧಾನವಾಗಿ ಬಿಡುವುದು ಈ ಹುಲ್ಲು ಮತ್ತು ಶೋಲಾ. ಬರಿಮಣ್ಣಿಗೆ ಬಿದ್ದ ನೀರು ನಿಲ್ಲುವುದಿಲ್ಲ, ಮಣ್ಣನ್ನೂ ಎಳೆದುಕೊಂಡು ಓಡುತ್ತದೆ. ಸೌಪರ್ಣಿಕಾ ನದಿ ಹುಟ್ಟುವುದು ಇದೇ ಬೆಟ್ಟದಲ್ಲಿ. ನಮ್ಮ ಅಡಿಕೆ ತೋಟದ ಪಕ್ಕದ ಹಳ್ಳ ಒಣಗಿದರೆ ನಾವು ಆಕಾಶ ನೋಡುತ್ತೇವೆ, ಗುಡ್ಡ ನೋಡುವುದಿಲ್ಲ.

ಅವತ್ತು ನಾವೂ ದಾರಿ ತಪ್ಪಿದೆವು. ಮಂಜಿನಲ್ಲಿ ದಾರಿ ಎರಡಾಯಿತು, ಗುರುತು ಏನೂ ಇಲ್ಲ. ಹೆಚ್ಚು ಸವೆದದ್ದೇ ಸರಿ ಅಂತ ಹೋದೆವು. ಹೋಗಿ ನಿಂತದ್ದು ದರೆಯ ಅಂಚಿಗೆ. ಅಲ್ಲಿ ಎರಡು ಚಿಪ್ಸ್ ಪ್ಯಾಕೆಟ್ ಬಿದ್ದಿದ್ದವು. ಅಂದರೆ ದಾರಿ ತಪ್ಪಿದವರೇ ಆ ದಾರಿಯನ್ನು ಸವೆಸಿದ್ದರು! ವಾಪಸ್ ಬರಲು ಅರ್ಧ ಗಂಟೆ ಹೋಯಿತು.

ಹಾಗಾಗಿ ಸಂಬಂಧಪಟ್ಟವರಲ್ಲಿ ಕೇಳುವುದು ಇಷ್ಟು. ಈ ಸುತ್ತನ್ನು ಒಮ್ಮುಖ ಮಾಡಿ. ಅಬ್ಬಿಯ ಕಡೆಯಿಂದ ಹತ್ತುವುದು ಮಾತ್ರ, ಇಳಿಯುವುದು ಜೀಪ್ ರಸ್ತೆಯಲ್ಲಿ. ದಾರಿ ಕವಲೊಡೆಯುವ ಕಡೆ ಇರುವ ಬಂಡೆಗೇ ಒಂದು ಬಾಣದ ಗುರುತು ಬಳಿಯಿರಿ. ತಪ್ಪು ದಾರಿಗೆ ಒಂದಿಷ್ಟು ಒಣಮುಳ್ಳು ಅಡ್ಡ ಹಾಕಿದರೂ ಸಾಕು. ದಯವಿಟ್ಟು ಸಿಮೆಂಟ್ ಮೆಟ್ಟಿಲು ಮಾತ್ರ ಬೇಡ. ಕೊಲ್ಲೂರಿನಿಂದ ರೋಪ್‌ವೇ ಮಾಡುವ ಮಾತು ಆಗಾಗ ಕೇಳುತ್ತದೆ. ಅದರ ಮುಂದೆ ಒಂದು ಡಬ್ಬ ಬಣ್ಣದ ಖರ್ಚು ಯಾವ ಲೆಕ್ಕ, ಅಲ್ವಾ? ಇಳಿಯುವಾಗ ಜೀಪಿನ ಧೂಳು ತಿನ್ನಬೇಕು, ನಿಜ. ಆದರೆ ಒಳಗೆ ಕೂತವರ ಮುಖ ನೋಡಿದರೆ ನಡೆದು ಬಂದವರೇ ಸುಖಿಗಳು ಅನಿಸಿತು.

ಇನ್ನೊಂದು ಮಾತು. ಉಂಬಳ (ಜಿಗಣೆ) ಹತ್ತಿದ್ದಕ್ಕೆ ಬೆಂಗಳೂರಿನ ಹುಡುಗರು ಕುಣಿದಾಡಿಬಿಟ್ಟರು. ಅದಕ್ಕೆ ಚಿಟಿಕೆ ಉಪ್ಪು ಸಾಕು. ಹೆದರಬೇಕಾದದ್ದು ಉಣುಗಿಗೆ, ಮಂಗನಕಾಯಿಲೆ ಹರಡುವುದು ಅದರ ಕಡಿತದಿಂದ. ಆ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಟ ಜಾಸ್ತಿ, ಚಾರಣಕ್ಕೆ ಬರುವವರೂ ಆಗಲೇ ಜಾಸ್ತಿ. ಕಾಡಿಗೆ ಹೋಗುವ ಊರಿನವರಿಗೆ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ ಅಂತ ಹೇಳುತ್ತಾರೆ. ನನ್ನ ಜೊತೆ ಬಂದ ಹುಡುಗರಿಗೆ ಕಾಯಿಲೆಯ ಹೆಸರೇ ಗೊತ್ತಿರಲಿಲ್ಲ. ದಾರಿ ಶುರುವಾಗುವಲ್ಲಿ ದೊಡ್ಡಕ್ಷರದ ಒಂದು ಬೋರ್ಡ್ ಹಾಕಲಿ.

ಬರುವ ಮಳೆಗಾಲಕ್ಕೆ ಮೊದಲೇ ಬಾಣದ ಗುರುತಿನ ಕೆಲಸ ಮುಗಿದರೆ ಒಳ್ಳೆಯದು. ಬಣ್ಣ ಹೊರಲು ಜನ ಬೇಕಾದರೆ ನಾನೂ ನಮ್ಮೂರಿನ ನಾಲ್ಕು ಜನರೂ ಬುತ್ತಿ ಕಟ್ಟಿಕೊಂಡು ಬರುತ್ತೇವೆ.

ಇಂತಿ,
ನಿಮ್ಮ ಓದುಗ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ