ಚಾಲುಕ್ಯರ ಪದಬಂಧಕ್ಕ ಇತಿಹಾಸದ ಎಂ.ಎ. ಬೇಕಾಗಿಲ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ಈ ಅಂಕಣದಾಗ ಒಬ್ರು ಬರ್ದಿದ್ರು, ರವಿವಾರದ ವಿಷಯಾಧಾರಿತ ಪದಬಂಧ ಬಂದ್ ಮಾಡ್ರಿ, ಅದು ಇತಿಹಾಸ ಓದಿದವರಿಗಷ್ಟ ಬಿಡಿಸಾಕ ಬರ್ತೈತಿ ಅಂತ. ದಯವಿಟ್ಟು ಬಂದ್ ಮಾಡಬ್ಯಾಡ್ರಿ. ನಾ ಓದಿದ್ದು ಪಿಯುಸಿ, ನವನಗರದಾಗ ಝೆರಾಕ್ಸ್ ಅಂಗಡಿ ನಮ್ದು, ರವಿವಾರ ಮುಂಜಾನೆ ಮೊದಲನೇ ಝೆರಾಕ್ಸ್ ನಿಮ್ಮ ಪದಬಂಧದ್ದ ಆಗಿರ್ತೈತಿ, ಮನ್ಯಾಗ ನಾಕು ಮಂದಿ ಒಂದ ಪೇಪರ್ ಜಗ್ಗಾಡೋದಕ್ಕಿಂತ ನಾಕು ಕಾಪಿ ತಗದ್ರ ಮುಗೀತಲ್ರಿ.

ತಪ್ಪಾಗೋದು ಎಲ್ಲಿ ಅಂದ್ರ, ಮ್ಯಾಲ ‘ಬಾದಾಮಿ ಚಾಲುಕ್ಯರು’ ಅಂತ ನೋಡಿದ ಕೂಡ್ಲೆ ಎಲ್ಲಾರೂ ರಾಜರ ಹೆಸರು ತುಂಬಾಕ ಹೋಗ್ತಾರ. ನಮ್ಮ ಮನಿಯವ್ರು ಹಂಗ ಮಾಡಿದ್ರು. ‘ಚಾಲುಕ್ಯ ದೊರೆ (4)’ ಅಂತಿತ್ತು, ಅಂದ್ರ ಉತ್ತರಕ್ಕ ನಾಕು ಮನಿ, ಅಂದ್ರ ಚೌಕ, ಪೆನ್ನಿಲೆ ಪುಲಕೇಶಿ ಅಂತ ಜಡದ ಬಿಟ್ರು. ಆದ್ರ ಕೀರ್ತಿವರ್ಮನೂ ನಾಕ ಮನಿ, ಮಂಗಳೇಶನೂ ನಾಕ ಮನಿ. ನಾ ಆ ಸುಳಿವು ಮುಟ್ಟಲೇ ಇಲ್ಲ, ಎರಡನೇ ಮನಿಯಿಂದ ಕೆಳಗ ಇಳಿಯೋ ‘ನವಿಲಿಗೆ ಇದೇ ಶೋಭೆ (2)’ ಮೊದಲ ಬರ್ದೆ, ಗರಿ. ಗ ಬಂತಂದ್ರ ಮಂಗಳೇಶ, ಮತ್ತೊಬ್ಬ ಅಲ್ಲಿ ಕುಂದ್ರಂಗೇ ಇಲ್ಲ. ಸುಳಿವಿನಾಗ ಅರ್ಧಕ್ಕಿಂತ ಜಾಸ್ತಿ ಹಿಂಗ ದಿನಾ ಆಡೋ ಮಾತೇ ಇರ್ತಾವು, ಅವನ್ನ ಮೊದಲ ಮುಗಿಸಿದ್ರ ರಾಜರು ತಾವ ಬಂದು ನಿಲ್ತಾರ.

ಇನ್ನ ಐದು ಮನಿ ಇದ್ರ ಇನ್ನೂ ಮಜಾ. ವಿಕ್ರಮಾದಿತ್ಯ, ವಿನಯಾದಿತ್ಯ, ವಿಜಯಾದಿತ್ಯ ಮೂರೂ ಐದ, ಮೂರಕ್ಕೂ ಮೊದಲ ವಿ, ಕಡೀಕ ದಿ, ತ್ಯ. ಅವು ಮೂರು ಮನಿ ಕಣ್ಣ ಮುಚ್ಚಿ ತುಂಬ್ರಿ, ನಡುವಿಂದು ಎರಡು ಖಾಲಿ ಬಿಡ್ರಿ. ಮೂರನೇ ಮನ್ಯಾಗ ಯಾ ಸಿಕ್ರೂ ವಿನಯನೋ ವಿಜಯನೋ ತಿಳಿಯಂಗಿಲ್ಲ, ಹಂಗಾಗಿ ಎರಡನೇ ಮನಿ ದಾಟೋ ಶಬ್ದಕ್ಕ ತಲಿ ಕೆಡಿಸ್ಕೋಬೇಕು, ಅಲ್ಲಿ ನ, ಜ, ಕ್ರ ಯಾವ್ದು ಬಂತೋ ಅಂವನ ರಾಜ. ಕನ್ನಡದಾಗ ಒಂದು ಅನುಕೂಲ ಐತ್ರಿ, ಕಾಗುಣಿತ ಒತ್ತು ಎಲ್ಲಾ ಸೇರಿ ಒಂದ ಮನಿ. ಪುಲಕೇಶಿ ಕಡೀಕ ಶಿ, ಮಂಗಳೇಶ ಕಡೀಕ ಶ, ಒಂದು ಗುಡಿಸು ಸಾಕು ಹೇಳಾಕ. ಇಂಗ್ಲಿಷಿನಾಗ ಕಾ ಕಿ ಕೂ ಎಲ್ಲಾದಕ್ಕೂ ಒಂದ ಕೆ ಅಕ್ಷರ, ಅದು ಸಿಕ್ಕ್ರ ಇಷ್ಟು ಗ್ಯಾರಂಟಿ ಆಗಂಗಿಲ್ಲ.

ಇತಿಹಾಸ ಬೇಕು ಅಂದವ್ರಿಗೆ ಇನ್ನೊಂದು ಹೇಳ್ತೀನಿ. ‘ಅಗಸ್ತ್ಯರ ಹೊಟ್ಟೆಯಲ್ಲಿ ಕರಗಿದವ (3)’ ಅಂತಿತ್ತು. ಸಾಲಿ ಮಾರಿನೂ ನೋಡದ ನಮ್ಮತ್ತಿ ರೊಟ್ಟಿ ಬಡಿಯೂತ್ಲೇ ವಾತಾಪಿ ಅಂದ್ರು, ಮೊಮ್ಮಕ್ಕಳ ಹೊಟ್ಟಿ ತಿಕ್ಕುವಾಗ ‘ಜೀರ್ಣ ಜೀರ್ಣ ವಾತಾಪಿ ಜೀರ್ಣ’ ಅಂತ ಅನ್ನೋದು ಅವರಿಗೆ ರೂಢಿ. ಬಾದಾಮಿ ಹಳೇ ಹೆಸರೂ ಅದ ಅಂತ ಅವರಿಗೆ ನಾ ಆಮ್ಯಾಲ ಹೇಳಿದೆ. ಅದ ಪದಬಂಧದಾಗ ‘ಖೀರಿಗೂ ಹಾಕುವ ಊರು (3)’ ಅಂತ ಬಾದಾಮಿನೂ ಇತ್ತು, ಅದನ್ನ ನಾವು ಗುಹಾ, ಗುಡಿ, ಶಾಸನ ಅಂತ ಎಲ್ಲೆಲ್ಲೋ ಹುಡುಕಿ ಕಡೀಕ ಬಿಡಿಸಿದ್ದು, ನಕ್ಕಿದ್ದ ನಕ್ಕಿದ್ದು.

ತಕರಾರು ಇಲ್ಲಂತಲ್ಲ. ಊರ ಹೆಸರು ಬಂದ್ರ ಯಾವ ಸ್ಪೆಲಿಂಗ್ ಅಂತ ನಿಮ್ಮವ್ರು ಒಮ್ಮಿ ಗಟ್ಟಿ ಮಾಡ್ಕೋಬೇಕು. ವಿಜಯಪುರ ಐದು, ಬಿಜಾಪುರ ನಾಕು, ನಮ್ಮ ಹಿರ್ಯಾರು ಅನ್ನೋ ವಿಜಾಪುರನೂ ನಾಕು. 2014ರ ನವೆಂಬರ್ 1ಕ್ಕ ಹೆಸರು ಬದ್ಲಾತು ಖರೆ, ಬಾಯಾಗಿಂದು ಬದ್ಲಾಗಿಲ್ಲ, ಹಂಗಾಗಿ ನಾಕ ಮನಿ ಇದ್ರ ‘ಹಳೆ ಹೆಸರು’ ಅಂತ ಒಂದು ಮಾತು ಸೇರಿಸ್ರಿ. ಸೀರಿ ಊರಿಂದಂತೂ ಕೇಳಬ್ಯಾಡ್ರಿ, ಇಳಕಲ್, ಇಲಕಲ್ಲ, ಇಳಕಲ್ಲು, ಹೆಂಗ ಬರದ್ರೂ ನಾಕ ಮನಿ, ಎಣಿಸಿ ಉಪಯೋಗಿಲ್ಲ, ಎರಡನೇದು ಳ ಅನ್ನೋದೋ ಲ ಅನ್ನೋದೋ ಅನ್ನೋದ್ರಾಗ ದಾಟೋ ಶಬ್ದಾನೂ ಕೆಡ್ತೈತಿ.

ಇನ್ನೊಂದು, ಉತ್ತರ ಅದ ಪುಟದಾಗ ತಲಿಕೆಳಗ ಹಾಕಬ್ಯಾಡ್ರಿ, ಮರುದಿನ ಹಾಕ್ರಿ. ಝೆರಾಕ್ಸ್ ತಗಿವಾಗ ನಾ ಆ ಭಾಗ ಮುಚ್ಚೇ ತಗೀತೀನಿ, ಆದ್ರ ಅಸಲಿ ಪೇಪರ್ ನಮ್ಮ ಮನಿಯವ್ರ ಕೈಯಾಗ ಇರ್ತೈತಿ, ತಿರುಗಿಸಿ ನೋಡಿದ್ದು ಎರಡ ಸಲ ಹಿಡದೇನಿ.

ಇಂತಿ,
ನಿಮ್ಮ ಓದುಗಳು,
ನವನಗರ, ಬಾಗಲಕೋಟೆ