ಹಸುಗೂಸಿನ ಮಧುಮೇಹಕ್ಕೆ ಮೊದಲು ಜೀನ್ ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ಹುಟ್ಟಿ ಆರು ತಿಂಗಳೊಳಗೆ ಕಾಣಿಸಿಕೊಳ್ಳುವ ಮಧುಮೇಹವನ್ನು ‘ಟೈಪ್ 1’ ಎಂದು ಬರೆದು ಮಗುವನ್ನು ಜೀವನಪೂರ್ತಿ ಇನ್ಸುಲಿನ್ ಸೂಜಿಗೆ ಒಪ್ಪಿಸಿಬಿಡುವುದು ತಪ್ಪು. ಆ ವಯಸ್ಸಿನಲ್ಲಿ ಅದು ಬಹುಪಾಲು ಜೀನ್ ದೋಷದಿಂದಲೇ ಬರುತ್ತದೆ. ಇದನ್ನು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ವೈದ್ಯ-ಸಂಶೋಧಕ ಆಂಡ್ರ್ಯೂ ಹ್ಯಾಟರ್ಸ್ಲಿ ಪ್ರಮುಖರು.

2004ರಲ್ಲಿ ಅವರ ತಂಡ ಇದಕ್ಕೆ ಕಾರಣವಾಗುವ ಕೆಸಿಎನ್‌ಜೆ11 ಎಂಬ ಜೀನಿನ ದೋಷವನ್ನು ಗುರುತಿಸಿತು. ಮೇದೋಜೀರಕದ ಬೀಟಾ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಪುಟ್ಟ ಬಾಗಿಲುಗಳಿವೆ. ಸಕ್ಕರೆ ಏರಿದಾಗ ಅವು ಮುಚ್ಚಿಕೊಂಡು, ಕ್ಯಾಲ್ಸಿಯಂ ಒಳನುಗ್ಗಿದರಷ್ಟೇ ಇನ್ಸುಲಿನ್ ಹೊರಬರುತ್ತದೆ. ಈ ಜೀನ್ ಆ ಬಾಗಿಲಿನದೇ; ಅದು ಕೆಟ್ಟಿರುವ ಮಕ್ಕಳಲ್ಲಿ ಬಾಗಿಲು ಮುಚ್ಚುವುದೇ ಇಲ್ಲ. ಇನ್ಸುಲಿನ್ ಕೋಶದೊಳಗೇ ಇದೆ, ಹೊರಗೆ ಬರುತ್ತಿಲ್ಲ, ಅಷ್ಟೆ! ದೊಡ್ಡವರ ಮಧುಮೇಹಕ್ಕೆ ಕೊಡುವ ಗ್ಲೈಬೆನ್‌ಕ್ಲಮೈಡ್ ಎಂಬ ಹಳೆಯ ಮಾತ್ರೆ ಅದೇ ಬಾಗಿಲನ್ನು ಬೇರೊಂದು ಕಡೆಯಿಂದ ಮುಚ್ಚುತ್ತದೆ. 2006ರ ವರದಿಯಲ್ಲಿ ಇಂಥ 49 ಮಂದಿಯ ಪೈಕಿ 44 ಮಂದಿ ಇನ್ಸುಲಿನ್ ಬಿಟ್ಟರು.

ಆದರೆ ಸೂಜಿಯನ್ನು ಥಟ್ಟನೆ ನಿಲ್ಲಿಸಬಾರದು, ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರುವ ಅಪಾಯದ ಸ್ಥಿತಿ) ಆದೀತು. ಆಸ್ಪತ್ರೆಯಲ್ಲೇ, ಮಾತ್ರೆಯನ್ನು ಕಿಲೋ ತೂಕಕ್ಕೆ 0.1 ಮಿ.ಗ್ರಾಂನಂತೆ ದಿನಕ್ಕೆರಡು ಬಾರಿ ಶುರುಮಾಡಿ, ಸಕ್ಕರೆ ನೋಡುತ್ತಾ ಅದನ್ನು ಏರಿಸಿ ಇನ್ಸುಲಿನ್ ಇಳಿಸಬೇಕು. ಕೊನೆಗೆ ನಿಲ್ಲುವ ಪ್ರಮಾಣ ತೂಕದ ಲೆಕ್ಕದಲ್ಲಿ ದೊಡ್ಡವರ ಡೋಸಿಗಿಂತ ಹೆಚ್ಚಿರುತ್ತದೆ. ಇದಕ್ಕೆ ಹೆದರಿ ಅರ್ಧಕ್ಕೇ ನಿಲ್ಲಿಸಿ ‘ಔಷಧಿ ಕೆಲಸ ಮಾಡಲಿಲ್ಲ’ ಎನ್ನುವ ಅಪಾಯವಿದೆ. ಇನ್ಸುಲಿನ್ ಜೀನಿನಲ್ಲೇ ದೋಷವಿದ್ದರೆ ಮಾತ್ರೆ ನೆಚ್ಚುವಂತಿಲ್ಲ, ಸೂಜಿಯೇ ಬೇಕು. ಆದ್ದರಿಂದ ರೋಗ ಪತ್ತೆಯಾದ ಕೂಡಲೇ ರಕ್ತದ ಮಾದರಿ ಜೀನ್ ಪರೀಕ್ಷೆಗೆ ಹೋಗಲಿ. ಈಗ ದೊಡ್ಡವರಾಗಿರುವವರಿಗೂ, ರೋಗ ಆರು ತಿಂಗಳೊಳಗೆ ಶುರುವಾಗಿದ್ದರೆ, ಈ ಪರೀಕ್ಷೆ ಮಾಡಿಸಬೇಕು.

— ಓದುಗರು